ಋತುಮಾನದ ಪರಾಗ ಅಲರ್ಜಿ: ಅತ್ತಿವೇರಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಪ್ರದೇಶದಲ್ಲಿದೆ. ಜಲಾಶಯ ಮತ್ತು ಅದನ್ನು ಒಳಗೊಂಡ ಸುಮಾರು 2.23 ಚದರ ಕಿಲೋಮೀಟರ್ ವಿಸ್ತೀರ್ಣದ ಪಕ್ಷಿಧಾಮ, ಸಾಗುವಾನಿ ಅರಣ್ಯ, ಭತ್ತ ಹಾಗೂ ಗೋವಿನಜೋಳದ ಹೊಲಗಳು, ದನಕರು ಮೇಯುವ ಹುಲ್ಲುಗಾವಲು ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಆದ್ದರಿಂದ ವರ್ಷದ ಬಹುತೇಕ ತಿಂಗಳುಗಳಲ್ಲಿ ಒಂದಲ್ಲ ಒಂದು ಸಸ್ಯವು ಹೂಬಿಟ್ಟು ಗಾಳಿಗೆ ಪರಾಗವನ್ನು ಬಿಡುತ್ತಿರುತ್ತದೆ.

ಪ್ರತಿವರ್ಷ ಅದೇ ತಿಂಗಳಿನಲ್ಲಿ ಬರುವ ಸೀನು, ಮೂಗು ಸೋರುವಿಕೆ ಮತ್ತು ಕಣ್ಣಿನ ತುರಿಕೆಯನ್ನು ಅನೇಕರು ಸಾಮಾನ್ಯ ಶೀತವೆಂದು ಭಾವಿಸಿ, ಅಂಗಡಿಯಿಂದ ಮಾತ್ರೆ ತಂದು ಸೇವಿಸುತ್ತಾರೆ. ಹೂಬಿಡುವ ಕಾಲ ಮುಗಿದಾಗ ತೊಂದರೆ ತಾನಾಗಿಯೇ ಇಳಿಯುತ್ತದೆ. ಗುಣವಾದುದು ಮಾತ್ರೆಯಿಂದ ಎಂಬ ಭಾವನೆ ಉಳಿಯುತ್ತದೆ. ಮರುವರ್ಷ ಅದೇ ತೊಂದರೆ ಮರುಕಳಿಸುತ್ತದೆ. ಇದರಿಂದ ಎರಡು ಹಾನಿಗಳಿವೆ. ಮೊದಲನೆಯದಾಗಿ, ಚಿಕಿತ್ಸೆ ಪಡೆಯದ ಮೂಗಿನ ಅಲರ್ಜಿ ಇರುವವರಲ್ಲಿ ಉಬ್ಬಸ (ಆಸ್ತಮಾ) ಕಾಣಿಸಿಕೊಳ್ಳುವ ಸಂಭವ ಹೆಚ್ಚು. ಎರಡನೆಯದಾಗಿ, "ಪ್ರತಿವರ್ಷದ ಶೀತ" ಎಂಬ ರೂಢಿಯಿಂದ ಅಪಾಯಕಾರಿ ಜ್ವರವನ್ನೂ ಕಡೆಗಣಿಸುವ ಸಾಧ್ಯತೆ ಇರುತ್ತದೆ. ಇವೆರಡನ್ನೂ ತಪ್ಪಿಸಲು ಅಗತ್ಯವಾದ ಮಾಹಿತಿಯನ್ನು ಕೆಳಗೆ ನೀಡಲಾಗಿದೆ.

ಪರಾಗ ಅಲರ್ಜಿ ಎಂದರೇನು?

ಪರಾಗವು ಹೂವಿನ ಗಂಡುಭಾಗದಿಂದ ಹೊರಬೀಳುವ, ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಪುಡಿ. ಸ್ವತಃ ಇದು ವಿಷವೂ ಅಲ್ಲ, ರೋಗಾಣುವೂ ಅಲ್ಲ. ಆದರೆ ಕೆಲವರ ದೇಹದ ರೋಗನಿರೋಧಕ ವ್ಯವಸ್ಥೆಯು ಇದನ್ನು ಶತ್ರುವೆಂದು ತಪ್ಪಾಗಿ ಗ್ರಹಿಸಿ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತದೆ. ಇದರ ಪರಿಣಾಮವಾಗಿ ಮೂಗಿನ ಒಳಪದರ ಊದಿಕೊಂಡು ನೀರು ಸೋರುತ್ತದೆ ಮತ್ತು ಕಣ್ಣು ಕೆಂಪಾಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ. ತಂದೆ ತಾಯಿಯರಲ್ಲಿ ಅಲರ್ಜಿ, ಉಬ್ಬಸ ಅಥವಾ ಇಸಬು ಇದ್ದಲ್ಲಿ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಂಭವ ಹೆಚ್ಚು.

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ಅವರು ತಮ್ಮಲ್ಲೇ ಕಂಡ ಈ ತೊಂದರೆಯನ್ನು ವಿವರಿಸಿದರು. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅವರು ತಮ್ಮ ಮೇಲೆಯೇ ಪ್ರಯೋಗ ನಡೆಸಿ, ಇದಕ್ಕೆ ಹುಲ್ಲಿನ ಪರಾಗವೇ ಕಾರಣವೆಂದು ತೋರಿಸಿದರು. ಇಂಗ್ಲಿಷಿನಲ್ಲಿ ಇದನ್ನು "ಹೇ ಫೀವರ್" ಎನ್ನುವ ರೂಢಿಯಿದೆ. ಹೆಸರಿನಲ್ಲಿ ಜ್ವರವೆಂಬ ಪದವಿದ್ದರೂ ಈ ತೊಂದರೆಯಲ್ಲಿ ಜ್ವರ ಬರುವುದಿಲ್ಲ ಎಂಬುದನ್ನು ಸಾರ್ವಜನಿಕರು ವಿಶೇಷವಾಗಿ ಗಮನಿಸತಕ್ಕದ್ದು.

ಯಾವ ಸಸ್ಯಗಳಿಂದ ತೊಂದರೆ?

ಕಣ್ಸೆಳೆಯುವ ಬಣ್ಣದ ಹೂಗಳೇ ತೊಂದರೆಗೆ ಕಾರಣ ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಮುತ್ತುಗದ ಕೆಂಪು ಹೂವು ಹಕ್ಕಿಗಳನ್ನು, ಮಾವಿನ ಹೂವು ಕೀಟಗಳನ್ನು ಆಶ್ರಯಿಸಿದೆ. ಇಂತಹ ಹೂಗಳ ಪರಾಗ ಅಂಟಾಗಿದ್ದು ಗಾಳಿಯಲ್ಲಿ ದೂರ ಹೋಗುವುದಿಲ್ಲ. ಗಾಳಿಯನ್ನೇ ನಂಬಿರುವ, ಹೂವೆಂದು ಗುರುತಿಸಲೂ ಕಷ್ಟವಾಗುವ ಸಸ್ಯಗಳು ಅಪಾರ ಪ್ರಮಾಣದಲ್ಲಿ ಹಗುರವಾದ ಪರಾಗವನ್ನು ಬಿಡುತ್ತವೆ. ಹುಲ್ಲುಗಳು, ಗಾಳಿಮರ, ತಪಸಿ, ಔಡಲ, ದಂಟು ಜಾತಿಯ ಕಳೆಗಳು ಈ ಗುಂಪಿಗೆ ಸೇರುತ್ತವೆ. ಹೂಬಿಟ್ಟ ಮರವನ್ನು ಕಡಿಯುವುದರಿಂದ ಪರಿಹಾರ ದೊರೆಯುವುದು ಅಪರೂಪ. ಕಾರಣವು ಬೇಲಿಯಾಚೆಯ ಹುಲ್ಲಿನಲ್ಲಿರಬಹುದು.

ಕರ್ನಾಟಕದಲ್ಲಿ ವಿಶೇಷವಾಗಿ ಗಮನಿಸಬೇಕಾದುದು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ. ಅಮೆರಿಕ ಖಂಡದ ಈ ಸಸ್ಯವು 1950ರ ದಶಕದ ಮಧ್ಯಭಾಗದಲ್ಲಿ ಪುಣೆಯಲ್ಲಿ ಕಂಡುಬಂದು, ನಂತರ ದೇಶದಾದ್ಯಂತ ಹರಡಿತು. ಬೆಂಗಳೂರಿನಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರೀಕ್ಷೆಗೆ ಒಳಪಟ್ಟ ಮೂಗಿನ ಅಲರ್ಜಿ ರೋಗಿಗಳ ಪೈಕಿ ಸುಮಾರು ಮೂರನೇ ಒಂದು ಭಾಗದವರ ಚರ್ಮವು ಈ ಪರಾಗಕ್ಕೆ ಪ್ರತಿಕ್ರಿಯೆ ತೋರಿತು. ಇದೇ ಗಿಡದ ಸ್ಪರ್ಶದಿಂದ ಮುಖ, ಕಣ್ಣುರೆಪ್ಪೆ, ಕುತ್ತಿಗೆ ಹಾಗೂ ಕೈಗಳ ಚರ್ಮದಲ್ಲಿ ತೀವ್ರ ತುರಿಕೆ ಉಂಟಾಗಿ ಚರ್ಮ ದಪ್ಪವಾಗುವುದೂ ಉಂಟು.

ಋತುವಾರು ವಿವರ

• ಜೂನ್‌ನಿಂದ ಆಗಸ್ಟ್: ಮಳೆಯು ಗಾಳಿಯಲ್ಲಿನ ಪರಾಗವನ್ನು ತೊಳೆಯುತ್ತದೆ. ಆದರೆ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಕಾಂಗ್ರೆಸ್ ಕಳೆಯ ಪರಾಗ ಹೆಚ್ಚುತ್ತದೆ. ಮನೆಯೊಳಗಿನ ತೇವದಿಂದ ಬೂಷ್ಟು ಹಾಗೂ ಹಾಸಿಗೆಯ ಧೂಳುಹುಳುಗಳೂ ಇದೇ ಲಕ್ಷಣಗಳನ್ನು ಉಂಟುಮಾಡುತ್ತವೆ.
• ಸೆಪ್ಟೆಂಬರ್‌ನಿಂದ ನವೆಂಬರ್: ಹುಲ್ಲುಗಳು ಹೂಬಿಟ್ಟು ತೆನೆಯಾಗುವ ಕಾಲ. ದನಕರು ಮೇಯಿಸುವವರು, ಹುಲ್ಲು ಕೊಯ್ಯುವವರು ಹೆಚ್ಚಿನ ಎಚ್ಚರ ವಹಿಸಬೇಕು.
• ನವೆಂಬರ್‌ನಿಂದ ಜನವರಿ: ಭತ್ತದ ಕಟಾವು ಮತ್ತು ಒಕ್ಕಣೆ. ಈ ಅವಧಿಯ ಸೀನು, ಕೆಮ್ಮಿಗೆ ಪರಾಗಕ್ಕಿಂತ ಹುಲ್ಲಿನ ಧೂಳು ಹಾಗೂ ಬೂಷ್ಟಿನ ಕಣಗಳು ಕಾರಣವಾಗಿರುವುದು ಹೆಚ್ಚು.
• ಜನವರಿಯಿಂದ ಮಾರ್ಚ್: ಎಲೆ ಉದುರಿದ ಮರಗಳು ಹೂಬಿಡುವ ಕಾಲ. ತಪಸಿ ಮುಂತಾದ ಮರಗಳ ಪರಾಗ ಒಣಗಾಳಿಯಲ್ಲಿ ಹರಡುತ್ತದೆ.

ಇದು ಸ್ಥೂಲವಾದ ವಿವರ ಮಾತ್ರ. ಆಯಾ ವರ್ಷದ ಮಳೆಯನ್ನು ಅವಲಂಬಿಸಿ ಹೂಬಿಡುವ ಕಾಲ ಹಿಂದು ಮುಂದಾಗುತ್ತದೆ. ಆದ್ದರಿಂದ ತಮ್ಮ ತೊಂದರೆ ಆರಂಭವಾದ ಹಾಗೂ ಮುಗಿದ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಅತ್ಯಂತ ಉಪಯುಕ್ತ. ಎರಡು ವರ್ಷಗಳ ಇಂತಹ ಗುರುತುಗಳು ವೈದ್ಯರಿಗೆ ಕಾರಣವನ್ನು ಪತ್ತೆಹಚ್ಚಲು ಹೆಚ್ಚಿನ ನೆರವು ನೀಡುತ್ತವೆ.

ಶೀತವೋ, ಅಲರ್ಜಿಯೋ?

ಶೀತವು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ವಾಸಿಯಾಗುತ್ತದೆ. ಗಂಟಲು ನೋವು ಮತ್ತು ಮೈಕೈ ನೋವು ಇರಬಹುದು, ಸಿಂಬಳ ಗಟ್ಟಿಯಾಗುತ್ತದೆ, ಮನೆಯ ಇತರರಿಗೂ ತಗಲುತ್ತದೆ. ಅಲರ್ಜಿಯು ವಾರಗಟ್ಟಲೆ ಮುಂದುವರಿಯುತ್ತದೆ. ಒಂದರ ಹಿಂದೊಂದು ಸೀನು, ನೀರಿನಂತಹ ಸಿಂಬಳ, ಮೂಗು, ಕಣ್ಣು ಮತ್ತು ಅಂಗುಳಿನಲ್ಲಿ ತುರಿಕೆ ಇದರ ಮುಖ್ಯ ಲಕ್ಷಣಗಳು. ಹೊಲಕ್ಕೆ ಹೋದಾಗ ಹೆಚ್ಚಾಗಿ, ಬೇರೆ ಊರಿಗೆ ಹೋದಾಗ ಕಡಿಮೆಯಾದರೆ ಅಲರ್ಜಿಯ ಶಂಕೆ ಬಲವಾಗುತ್ತದೆ. ಎರಡೂ ಸಂದರ್ಭಗಳಲ್ಲಿ, ವೈದ್ಯರ ಸಲಹೆಯಿಲ್ಲದೆ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಸೇವಿಸಬಾರದು. ಅವು ವೈರಸ್‌ನಿಂದ ಬರುವ ಶೀತಕ್ಕಾಗಲಿ, ಅಲರ್ಜಿಗಾಗಲಿ ಕೆಲಸ ಮಾಡುವುದಿಲ್ಲ.

ಮುಖ್ಯ ಎಚ್ಚರಿಕೆ: ಜ್ವರವಿದ್ದರೆ ಅಲರ್ಜಿಯೆಂದು ತಿಳಿಯಬೇಡಿ

ಮರಗಳು ಹೂಬಿಡುವ ಬೇಸಿಗೆಯ ಆರಂಭದ ತಿಂಗಳುಗಳೇ ಮಂಗನ ಕಾಯಿಲೆ (ಕ್ಯಾಸನೂರು ಅರಣ್ಯ ಕಾಯಿಲೆ) ಹರಡುವ ಕಾಲವೂ ಆಗಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆಯು ಉಣುಗುಗಳ ಕಡಿತದಿಂದ ಬರುತ್ತದೆ. 2024ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನಲ್ಲಿಯೂ ಪ್ರಕರಣಗಳು ವರದಿಯಾದವು. ಈ ಕಾಯಿಲೆಯಲ್ಲಿಯೂ ಕಣ್ಣು ಕೆಂಪಾಗುವುದರಿಂದ ಅಲರ್ಜಿಯೆಂದು ಭಾವಿಸುವ ಸಂಭವವಿದೆ. ವ್ಯತ್ಯಾಸ ಸ್ಪಷ್ಟವಾಗಿದೆ: ಮಂಗನ ಕಾಯಿಲೆಯಲ್ಲಿ ಹಠಾತ್ತನೆ ತೀವ್ರ ಜ್ವರ, ಬಲವಾದ ತಲೆನೋವು, ಮೈಕೈ ನೋವು ಮತ್ತು ನಿಶ್ಶಕ್ತಿ ಕಾಣಿಸುತ್ತವೆ. ಕಾಡಿಗೆ ಸೌದೆ, ದರಕು ಅಥವಾ ದನಕರುಗಳಿಗಾಗಿ ಹೋಗಿಬಂದವರಲ್ಲಿ ಇಂತಹ ಜ್ವರ ಕಂಡರೆ ಒಂದು ದಿನವೂ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಿ, ಕಾಡಿಗೆ ಹೋಗಿದ್ದ ವಿಷಯವನ್ನು ತಪ್ಪದೇ ತಿಳಿಸಬೇಕು.

ಎರಡು ವಾರಗಳಿಗೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಅಥವಾ ಕಫದಲ್ಲಿ ರಕ್ತ ಕಂಡುಬಂದಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕಫ ಪರೀಕ್ಷೆ ಉಚಿತವಾಗಿರುತ್ತದೆ.

ಉಸಿರಾಡಲು ಕಷ್ಟ, ಒಂದು ವಾಕ್ಯವನ್ನು ಪೂರ್ತಿಯಾಗಿ ಆಡಲಾಗದ ಸ್ಥಿತಿ ಅಥವಾ ತುಟಿ ನೀಲಿಯಾಗುವಿಕೆ ತುರ್ತು ಚಿಹ್ನೆಗಳು. ತಕ್ಷಣ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು.

ಚಿಕಿತ್ಸೆ

1. ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧ: ದೀರ್ಘಕಾಲದ ತೊಂದರೆಗೆ ಇದು ಅತ್ಯಂತ ಪರಿಣಾಮಕಾರಿ. ಇದರ ಗುಣ ಒಂದೇ ದಿನದಲ್ಲಿ ಪೂರ್ಣವಾಗಿ ಕಾಣುವುದಿಲ್ಲ. ಪ್ರತಿದಿನ ಬಳಸಿದಲ್ಲಿ ಕೆಲವು ದಿನಗಳಿಂದ ಎರಡು ವಾರಗಳಲ್ಲಿ ಕಾಣುತ್ತದೆ. ಆದ್ದರಿಂದ ತಮ್ಮ ತೊಂದರೆಯ ತಿಂಗಳು ಗೊತ್ತಿದ್ದವರು ಎರಡು ವಾರ ಮುಂಚಿತವಾಗಿಯೇ ವೈದ್ಯರನ್ನು ಕಂಡು ಆರಂಭಿಸುವುದು ಉತ್ತಮ. ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಸಿಂಪಡಿಸಬೇಕು. ಹೀಗೆ ಮಾಡಿದಲ್ಲಿ ಔಷಧವು ಮೂಗಿನ ನಡುಗೋಡೆಗೆ ತಾಗದೆ ಹೊರಪಕ್ಕಕ್ಕೆ ಬೀಳುತ್ತದೆ.
2. ಅಲರ್ಜಿ ನಿರೋಧಕ ಮಾತ್ರೆಗಳು: ಸೆಟ್ರಿಜಿನ್, ಲೊರಾಟಡಿನ್ ಮುಂತಾದವು ಸೀನು, ತುರಿಕೆಯನ್ನು ಬೇಗ ಇಳಿಸುತ್ತವೆ. ಕ್ಲೋರ್‌ಫೆನಿರಮೈನ್‌ನಂತಹ ಹಳೆಯ ಮಾತ್ರೆಗಳಿಂದ ಹೆಚ್ಚು ನಿದ್ರೆ ಬರುತ್ತದೆ. ಸೆಟ್ರಿಜಿನ್‌ನಿಂದಲೂ ಕೆಲವರಿಗೆ ಮಂಪರು ಉಂಟಾಗುತ್ತದೆ. ನಿದ್ರೆ ತರುವ ಮಾತ್ರೆ ಸೇವಿಸಿದಾಗ ವಾಹನ, ಟ್ರ್ಯಾಕ್ಟರ್ ಅಥವಾ ಒಕ್ಕಣೆ ಯಂತ್ರ ನಡೆಸಬಾರದು.
3. ಮೂಗು ಕಟ್ಟಿದ್ದನ್ನು ಬಿಡಿಸುವ ಹನಿಗಳು: ಇವುಗಳನ್ನು ಕೆಲವೇ ದಿನಗಳ ಮಟ್ಟಿಗೆ, ಹೆಚ್ಚೆಂದರೆ 5 ದಿನ ಬಳಸಬಹುದು. ಮುಂದುವರಿಸಿದಲ್ಲಿ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ.
4. ಉಪ್ಪುನೀರಿನಿಂದ ಮೂಗು ತೊಳೆಯುವುದು: ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಹಾ ಚಮಚ ಉಪ್ಪು ಬೆರೆಸಬೇಕು. ಕೆರೆ, ಬಾವಿ ಅಥವಾ ನಲ್ಲಿಯ ನೀರನ್ನು ಕುದಿಸದೆ ಬಳಸಲೇಬಾರದು.
5. ಅಲರ್ಜಿಗೆ ಒಗ್ಗಿಸುವ ಚಿಕಿತ್ಸೆ: ಚರ್ಮಪರೀಕ್ಷೆಯಿಂದ ಕಾರಣ ಖಚಿತವಾದ ನಂತರ ತಜ್ಞರು ಇದನ್ನು ಸಾಮಾನ್ಯವಾಗಿ 3ರಿಂದ 5 ವರ್ಷ ನೀಡುತ್ತಾರೆ. ಎಲ್ಲರಿಗೂ ಇದು ಅಗತ್ಯವಿರುವುದಿಲ್ಲ.

ಗರ್ಭಿಣಿಯರು, ಚಿಕ್ಕ ಮಕ್ಕಳು, ರಕ್ತದೊತ್ತಡ ಹಾಗೂ ಗ್ಲುಕೋಮಾ ಇರುವವರು ವೈದ್ಯರನ್ನು ಕೇಳದೆ ಯಾವುದೇ ಔಷಧ ಬಳಸಬಾರದು. ಒಂದೇ ಚುಚ್ಚುಮದ್ದಿನಿಂದ ಇಡೀ ವರ್ಷ ಗುಣವಾಗುವುದೆಂದು ಹೇಳಿ ನೀಡಲಾಗುವ ಸ್ಟಿರಾಯ್ಡ್ ಚುಚ್ಚುಮದ್ದುಗಳಿಂದ ಮಧುಮೇಹ, ಮೂಳೆ ಸವೆತ ಮುಂತಾದ ತೊಂದರೆಗಳು ಉಂಟಾಗಬಹುದು. ಅರ್ಹತೆಯಿಲ್ಲದವರಿಂದ ಚಿಕಿತ್ಸೆ ಪಡೆಯಬಾರದು.

ಮುನ್ನೆಚ್ಚರಿಕೆ ಕ್ರಮಗಳು

• ಹುಲ್ಲು ಕೊಯ್ಯುವಾಗ, ಕಳೆ ಕೀಳುವಾಗ, ಒಕ್ಕಣೆ ಮಾಡುವಾಗ ಮೂಗು ಬಾಯಿಗೆ ಮಾಸ್ಕ್ ಧರಿಸುವುದು; ಇಲ್ಲದಿದ್ದಲ್ಲಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿಕೊಳ್ಳುವುದು. ಕನ್ನಡಕದಿಂದ ಕಣ್ಣಿಗೂ ರಕ್ಷಣೆ ದೊರೆಯುತ್ತದೆ.
• ಹೊಲದಿಂದ ಬಂದ ಕೂಡಲೇ ಮುಖ, ಕೈಕಾಲು ತೊಳೆದು ಬಟ್ಟೆ ಬದಲಾಯಿಸುವುದು. ರಾತ್ರಿ ಮಲಗುವ ಮುನ್ನ ತಲೆಗೂದಲಿನ ಧೂಳನ್ನು ತೆಗೆಯುವುದು.
• ಹಂಚಿನ ಮನೆಗಳಲ್ಲಿ ಗಾಳಿಯನ್ನು ಪೂರ್ತಿ ತಡೆಯಲಾಗದು. ಆದ್ದರಿಂದ ಹಾಸಿಗೆಯನ್ನು ಗಾಳಿ ಬೀಸುವ ಕಿಟಕಿಯಿಂದ ದೂರವಿಡುವುದು. ಹೊದಿಕೆಗಳನ್ನು ಹುಲ್ಲುಗಾವಲಿನ ಪಕ್ಕ ಒಣಹಾಕದಿರುವುದು.
• ಹಿಂಗಾರಿನ ಗುಡುಗು ಮಳೆಗೆ ಮುನ್ನ ಬೀಸುವ ಬಿರುಗಾಳಿಯಲ್ಲಿ ಉಬ್ಬಸ ಇರುವವರು ಹೊರಗೆ ನಿಲ್ಲದಿರುವುದು. ಹುಲ್ಲಿನ ಪರಾಗವು ತೇವದಿಂದ ಒಡೆದು ಸೂಕ್ಷ್ಮ ಚೂರುಗಳಾಗಿ ಶ್ವಾಸಕೋಶ ಸೇರುತ್ತದೆ. 2016ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಇಂತಹ ಒಂದೇ ಬಿರುಗಾಳಿಯಿಂದ ಸಾವಿರಾರು ಜನರು ಆಸ್ಪತ್ರೆ ಸೇರಿ, 10 ಮಂದಿ ಮೃತಪಟ್ಟರು.

ಕಾಂಗ್ರೆಸ್ ಕಳೆ ನಿಯಂತ್ರಣ

ಒಂದು ಗಿಡವು ಸಾವಿರಾರು ಬೀಜಗಳನ್ನು ಉತ್ಪಾದಿಸುವುದರಿಂದ, ಹೂಬಿಡುವ ಮುನ್ನವೇ ಬೇರುಸಹಿತ ಕೀಳುವುದು ಮುಖ್ಯ. ಮಳೆಯಿಂದ ನೆಲ ಮೆದುವಾಗಿರುವಾಗ ಈ ಕೆಲಸ ಸುಲಭ. ಬರಿಗೈಯಿಂದ ಕೀಳಬಾರದು; ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಬಳಸಬೇಕು. ಈಗಾಗಲೇ ಅಲರ್ಜಿ ಇರುವವರನ್ನು ಶ್ರಮದಾನಕ್ಕೆ ಕರೆಯಬಾರದು. ಹೂಬಿಡದ ಗಿಡಗಳನ್ನು ಗೊಬ್ಬರಗುಂಡಿಗೆ ಹಾಕಬಹುದು. ಈ ಕಳೆಯ ಎಲೆ ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಗಿಡದ ಮೇಲೆ ಇದು ಕಂಡುಬಂದಲ್ಲಿ ಕೀಟನಾಶಕ ಸಿಂಪಡಿಸಿ ಕೊಲ್ಲಬಾರದು.

ಸೇವೆ ಪಡೆಯುವ ಕ್ರಮ

• ಮೊದಲಿಗೆ ತಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣುವುದು. ಆಶಾ ಕಾರ್ಯಕರ್ತೆಯರಿಂದಲೂ ಮಾಹಿತಿ ಪಡೆಯಬಹುದು. ತೊಂದರೆಯ ದಿನಗಳ ಗುರುತು ಹಾಗೂ ಸೇವಿಸುತ್ತಿರುವ ಮಾತ್ರೆಗಳ ಪಟ್ಟಿಯನ್ನು ಜೊತೆಗೆ ಒಯ್ಯುವುದು.
• ಗುಣ ಕಾಣದಿದ್ದಲ್ಲಿ ಮುಂಡಗೋಡ ತಾಲ್ಲೂಕು ಆಸ್ಪತ್ರೆಗೆ, ತಜ್ಞರ ಅಗತ್ಯವಿದ್ದಲ್ಲಿ ಹುಬ್ಬಳ್ಳಿ ಅಥವಾ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯುವುದು. ತುರ್ತು ಸಂದರ್ಭದಲ್ಲಿ ಪತ್ರಕ್ಕಾಗಿ ಕಾಯಬೇಕಾಗಿಲ್ಲ.
• ಶಾಲೆ, ಅಂಗನವಾಡಿ, ರಸ್ತೆಬದಿಯಲ್ಲಿ ಕಾಂಗ್ರೆಸ್ ಕಳೆ ಬೆಳೆದಿದ್ದಲ್ಲಿ, ಸ್ಥಳದ ವಿವರದೊಂದಿಗೆ ಗ್ರಾಮ ಪಂಚಾಯತಿಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು. ಅರ್ಜಿಯನ್ನು ಮಳೆಗಾಲದ ಆರಂಭದಲ್ಲಿಯೇ ನೀಡಿದರೆ ಹೂಬಿಡುವ ಮುನ್ನ ಕ್ರಮಕ್ಕೆ ಅವಕಾಶವಾಗುತ್ತದೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಲರ್ಜಿ ಇರುವವರು ಅತ್ತಿವೇರಿ ಪಕ್ಷಿಧಾಮಕ್ಕೆ ಭೇಟಿ ನೀಡಬಹುದೇ?
ಉತ್ತರ: ನೀಡಬಹುದು. ವಲಸೆ ಹಕ್ಕಿಗಳು ಬರುವ ನವೆಂಬರ್‌ನಿಂದ ಮಾರ್ಚ್ ಅವಧಿಯಲ್ಲಿ ದಡದ ಹುಲ್ಲಿನೊಳಗೆ ಇಳಿಯದೆ ದಾರಿಯಲ್ಲಿಯೇ ನಡೆಯುವುದು ಒಳ್ಳೆಯದು. ಇದರಿಂದ ಉಣುಗುಗಳಿಂದಲೂ ರಕ್ಷಣೆ ದೊರೆಯುತ್ತದೆ. ಉಬ್ಬಸ ಇರುವವರು ತಮ್ಮ ಇನ್‌ಹೇಲರ್ ಒಯ್ಯತಕ್ಕದ್ದು.

ಪ್ರಶ್ನೆ: ಊರಿನ ಜೇನುತುಪ್ಪ ತಿಂದರೆ ಅಲರ್ಜಿ ವಾಸಿಯಾಗುವುದೇ?
ಉತ್ತರ: ಇದಕ್ಕೆ ಖಚಿತವಾದ ಆಧಾರವಿಲ್ಲ. ಜೇನಿನಲ್ಲಿರುವುದು ಬಹುಪಾಲು ಕೀಟಗಳನ್ನು ಸೆಳೆಯುವ ಹೂಗಳ ಪರಾಗ. ತೊಂದರೆ ಕೊಡುವುದು ಬಹುಪಾಲು ಗಾಳಿಯ ಪರಾಗ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೀಡಲೇಬಾರದು.

ಪ್ರಶ್ನೆ: ಇನ್‌ಹೇಲರ್ ಬಳಸಿದರೆ ಅದು ಚಟವಾಗುವುದೇ?
ಉತ್ತರ: ಇಲ್ಲ. ಔಷಧವು ನೇರವಾಗಿ ಶ್ವಾಸಕೋಶಕ್ಕೆ ತಲುಪುವುದರಿಂದ ಕಡಿಮೆ ಪ್ರಮಾಣವೇ ಸಾಕಾಗುತ್ತದೆ. ವೈದ್ಯರ ಸಲಹೆಯಿಲ್ಲದೆ ಮಧ್ಯದಲ್ಲಿ ನಿಲ್ಲಿಸುವುದು ಅಪಾಯಕರ.

ಪ್ರತಿವರ್ಷ ಒಂದೇ ಕಾಲಕ್ಕೆ ಬರುವ ತೊಂದರೆಗೆ ಮುಂಚಿತವಾಗಿ ಸಿದ್ಧರಾಗುವುದು ಸಾಧ್ಯ. ಸಾರ್ವಜನಿಕರು ತಮ್ಮ ತೊಂದರೆಯ ತಿಂಗಳನ್ನು ಗುರುತಿಸಿಕೊಂಡು ಸಕಾಲದಲ್ಲಿ ಚಿಕಿತ್ಸೆ ಪಡೆಯಬೇಕೆಂದೂ, ಜ್ವರ ಕಂಡುಬಂದಲ್ಲಿ ಕೂಡಲೇ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬೇಕೆಂದೂ ಕೋರಲಾಗಿದೆ.