ಪ್ರಮಾಣಪತ್ರ ಮನೆಗೋ, ಕಟ್ಟುವವರಿಗೋ?



ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಹಲವರು ಕೊಳೆರೋಗ, ಗೊಬ್ಬರಗಳ ಮಾತು ಮುಗಿದ ಮೇಲೆ ಈಚೆಗೆ ಕೇಳುವ ಪ್ರಶ್ನೆಯೊಂದಿದೆ: ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ, ಪ್ರಮಾಣಪತ್ರವುಳ್ಳ ಹೊಸ ಮನೆಯನ್ನು ಕಟ್ಟಿಕೊಡುವವರು ಯಾರು? ಕೆಲವರು ತೋಟದಲ್ಲಿ ಕಟ್ಟಿಸುವವರು, ಕೆಲವರು ಮಕ್ಕಳಿಗಾಗಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೊಳ್ಳುವವರು. ಹತ್ತಾರು ವರ್ಷಗಳ ಉಳಿತಾಯ ಒಮ್ಮೆಗೇ ಕೈಬಿಡುವ ವ್ಯವಹಾರವಾದುದರಿಂದ ನಮಗೆ ತಿಳಿದಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ತಿಳಿಯಬೇಕಾದುದು, ಈ ಪ್ರಮಾಣಪತ್ರ ಮನೆಗೆ ಸಿಗುವಂಥದು, ಕಟ್ಟುವವರಿಗಲ್ಲ. ನಮ್ಮ ದೇಶದಲ್ಲಿ ಇದನ್ನು ಮುಖ್ಯವಾಗಿ ಎರಡು ಕಡೆಯಿಂದ ಪಡೆಯಬಹುದು. ಒಂದು, 2001ರಲ್ಲಿ ಸ್ಥಾಪನೆಯಾದ, ಹೈದರಾಬಾದಿನ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್. ಇದು ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ದರ್ಜೆ ಕೊಡುತ್ತದೆ. ಇನ್ನೊಂದು, ಟೆರಿ ಸಂಸ್ಥೆ ರೂಪಿಸಿ 2007ರಲ್ಲಿ ಕೇಂದ್ರ ಸರ್ಕಾರ ಒಪ್ಪಿಕೊಂಡ 'ಗೃಹ' ಪದ್ಧತಿ. ಇದರಲ್ಲಿ ಒಂದರಿಂದ ಐದು ನಕ್ಷತ್ರಗಳಿವೆ. ಸಣ್ಣ ಕಟ್ಟಡಗಳಿಗೆಂದೇ ಇದರಲ್ಲಿ 'ಸ್ವಗೃಹ' ಎಂಬ ವಿಭಾಗವುಂಟು.

ಎರಡನೆಯದು, ನಕ್ಷೆ ನೋಡಿ ಕೊಡುವ ಮುಂಗಡ ಪ್ರಮಾಣಪತ್ರ ಬೇರೆ, ಕಟ್ಟಡ ಮುಗಿದ ಮೇಲಿನ ಅಂತಿಮ ಪ್ರಮಾಣಪತ್ರ ಬೇರೆ. ಇದರಲ್ಲಿ ನಾವೇ ಎಡವಿದ್ದೇವೆ. ಮಗಳಿಗೆ ಪಟ್ಟಣದಲ್ಲಿ ಮನೆ ನೋಡುವಾಗ ಗೋಡೆಗೆ ತೂಗುಹಾಕಿದ್ದ ಚಿನ್ನದ ದರ್ಜೆಯ ಪತ್ರ ಕಂಡು ಹಣ ಕಟ್ಟಿದೆವು. ಆಮೇಲೆ ಓದಿ ನೋಡಿದರೆ ಅದು ಅದೇ ಗುತ್ತಿಗೆದಾರರ ಬೇರೊಂದು ಕಟ್ಟಡದ ಮುಂಗಡ ಪತ್ರ. ಹಣ ಹಿಂದಕ್ಕೆ ಬರಲು ಎಂಟು ತಿಂಗಳು ಹಿಡಿಯಿತು.

ಆದುದರಿಂದ ಹುಡುಕುವ ಕ್ರಮ ಹೀಗಿರಲಿ:

1. ಈ ಸಂಸ್ಥೆಗಳು ಪ್ರಮಾಣಪತ್ರ ಪಡೆದ ಕಟ್ಟಡಗಳ ಪಟ್ಟಿಯನ್ನು ಅಂತರಜಾಲದಲ್ಲಿ ಇಟ್ಟಿವೆ. ಮಕ್ಕಳಿಂದ ತೆಗೆಸಿ, ನಿಮ್ಮ ಕಡೆಯ ಕಟ್ಟಡಗಳನ್ನು ಗುರುತಿಸಿ, ಅವನ್ನು ಕಟ್ಟಿದವರ ಮತ್ತು ನಕ್ಷೆ ಮಾಡಿದವರ ಹೆಸರು ವಿಚಾರಿಸಿ.

2. ಅಂತಿಮ ಪತ್ರವನ್ನೇ ಕೇಳಿ. ಅದರಲ್ಲಿ ಕಟ್ಟಡದ ಹೆಸರನ್ನೂ ತಾರೀಖನ್ನೂ ಓದಿ.

3. ಆ ಮನೆಯಲ್ಲಿ ವಾಸವಾಗಿರುವವರನ್ನು ಕಂಡು, ಒಪ್ಪಿದರೆ ಒಂದು ವರ್ಷದ ವಿದ್ಯುತ್ ಬಿಲ್ಲು ನೋಡಿ. ಸಾಧ್ಯವಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಹೋಗಿ.

4. ಯಾವ ದರ್ಜೆ, ಅದರ ಖರ್ಚು ಯಾರದು, ಅಂತಿಮ ಪತ್ರ ಬಾರದಿದ್ದರೆ ಎಷ್ಟು ಹಣ ತಡೆಹಿಡಿಯಬಹುದು ಎಂಬುದನ್ನು ಕರಾರಿನಲ್ಲಿ ಬರೆಸಿ.

ತೋಟದಲ್ಲಿ ಒಂಟಿ ಮನೆ ಕಟ್ಟಿಸುವವರು ಪ್ರಮಾಣಪತ್ರದ ಖರ್ಚು ಬೇಡವೆಂದರೂ ಅಳತೆಗಳನ್ನು ಬಿಡಬೇಕಾಗಿಲ್ಲ. ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ 2018ರಲ್ಲಿ ಹೊರತಂದ 'ಇಕೋ ನಿವಾಸ ಸಂಹಿತೆ'ಯಂತೆ, ಗೋಡೆ ಕಿಟಕಿಗಳ ಮೂಲಕ ಒಳಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವಾಟ್ ಮೀರಬಾರದು. ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತಾರ ನೆಲದ ವಿಸ್ತಾರಕ್ಕೆ ಹೋಲಿಸಿ ಕರಾವಳಿಯಂತಹ ಸೆಕೆಯ ತೇವದ ಸೀಮೆಯಲ್ಲಿ ಆರನೇ ಒಂದು ಭಾಗ, ಬೆಂಗಳೂರಿನಂತಹ ಸಮಶೀತೋಷ್ಣ ಸೀಮೆಯಲ್ಲಿ ಎಂಟನೇ ಒಂದು ಭಾಗವಾದರೂ ಇರಬೇಕು. ಈ ಲೆಕ್ಕವನ್ನು ಮಾಡಿ ತೋರಿಸಿ ಎಂದು ಗುತ್ತಿಗೆದಾರರನ್ನು ಕೇಳಿ. ಅವರ ಉತ್ತರದಲ್ಲೇ ಅವರ ತಿಳಿವಳಿಕೆ ಗೊತ್ತಾಗುತ್ತದೆ. ನಮ್ಮ ಹಿರಿಯರು ಸೂರನ್ನು ಮುಂದಕ್ಕೆ ಚಾಚಿ ಗೋಡೆಗೆ ನೆರಳು ಕೊಟ್ಟುದೂ ಇದೇ ಕೆಲಸಕ್ಕೆ.

ಅಡಕೆ ಸಸಿ ತರುವಾಗ ನಾವು ನರ್ಸರಿಯ ಬೋರ್ಡನ್ನು ನಂಬುವುದಿಲ್ಲ. ತಾಯಿಮರ ತೋರಿಸಿ ಎನ್ನುತ್ತೇವೆ. ಮನೆ ಕಟ್ಟುವವರ ವಿಷಯದಲ್ಲೂ ಅಷ್ಟೇ: ಅವರು ಕಟ್ಟಿ ಮುಗಿಸಿದ ಮನೆಯನ್ನು ನೋಡಿದ ಮೇಲೆಯೇ ಹಣ ಕೊಡಿ.

— ಕಾರ್ಯದರ್ಶಿ