ನೆರೆಯ ಗೆರೆ ಮತ್ತು ಜನಪದ ವಸತಿ ವಿವೇಕ: ಕೊಲ್ಹಾಪುರ–ಸಾಂಗ್ಲಿಗಳ ತೌಲನಿಕ ನೋಟ

ಹೊಳೆಯ ದಂಡೆಯಲ್ಲಿ ಎಲ್ಲಿ ಮನೆ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬ ವಿವೇಕವು ಲಿಖಿತ ನಿಯಮಗಳಿಗಿಂತ ಹಳೆಯದು. ಘಟ್ಟ, ಗುಡಿ, ಸ್ಮಶಾನ, ಸಂತೆಬಯಲುಗಳನ್ನು ನೀರಿನ ಬದಿಗೆ ಬಿಟ್ಟು ವಸತಿಯನ್ನು ದಿಬ್ಬಕ್ಕೆ ಒಯ್ಯುವುದು ಜನಪದರ ರೂಢಿ. ಈ ರೂಢಿಗೂ ಇಂದಿನ ಕಟ್ಟಡ ನಿಯಮಗಳಿಗೂ ಇರುವ ಸಂಬಂಧವನ್ನು ಅರಿಯಲು ಕೃಷ್ಣಾ ಕಣಿವೆಯ ನೆರೆಹೊರೆಯ ನಗರಗಳಾದ ಕೊಲ್ಹಾಪುರ ಮತ್ತು ಸಾಂಗ್ಲಿಗಳು ಸೂಕ್ತ ನಿದರ್ಶನಗಳಾಗಿವೆ.

2020ರಲ್ಲಿ ಮಹಾರಾಷ್ಟ್ರವು ಜಾರಿಗೆ ತಂದ ಏಕೀಕೃತ ನಿಯಮಾವಳಿಯು ಎರಡೂ ನಗರಗಳಿಗೆ ಸಮಾನವಾಗಿ ಅನ್ವಯಿಸುತ್ತದೆ. ಸರಾಸರಿ 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟವನ್ನು ನೀಲಿ ರೇಖೆಯೂ 100 ವರ್ಷಕ್ಕೊಮ್ಮೆ ಬರಬಹುದಾದ ಮಟ್ಟವನ್ನು ಕೆಂಪು ರೇಖೆಯೂ ಸೂಚಿಸುತ್ತವೆ. ದಂಡೆಯಿಂದ ನೀಲಿ ರೇಖೆಯವರೆಗೆ ಹೊಸ ಕಟ್ಟಡ ನಿಷಿದ್ಧ. ಉದ್ಯಾನ, ಬಯಲು ತರಕಾರಿ ಮಾರುಕಟ್ಟೆ, ಸ್ಮಶಾನಗಳಂತಹ ಬಳಕೆಗೆ ಮಾತ್ರ ಅವಕಾಶ. ಎರಡು ರೇಖೆಗಳ ನಡುವೆ ಕಟ್ಟುವವರು ಕೆಂಪು ರೇಖೆಯ ಮಟ್ಟಕ್ಕಿಂತ 0.45 ಮೀಟರ್ ಎತ್ತರಕ್ಕೆ ಅಡಿಪೀಠ ಏರಿಸಬೇಕು. ನೀಲಿ ರೇಖೆಯೊಳಗಿನ ಹಳೆಯ ಅಧಿಕೃತ ಕಟ್ಟಡಗಳ ಪುನರ್ನಿರ್ಮಾಣಕ್ಕೂ ಇದೇ ಷರತ್ತು. ನೀರಿನ ಬದಿಗೆ ರೂಢಿಯು ಏನನ್ನು ಬಿಟ್ಟಿತ್ತೋ ನಿಯಮವೂ ಬಹುಮಟ್ಟಿಗೆ ಅದನ್ನೇ ಬಿಟ್ಟಿದೆ ಎಂಬುದು ಗಮನಾರ್ಹ.

ನಿಯಮವು ಒಂದೇ ಆದರೂ ನೆಲ ಒಂದೇ ಅಲ್ಲ. ಸಾಂಗ್ಲಿಯು ಕೃಷ್ಣೆಯ ದಂಡೆಗೇ ಅಂಟಿ ಬೆಳೆದ ಪೇಟೆ. ಅದರ ಕೆಳಗೆ ಹರಿಪುರದಲ್ಲಿ ವಾರಣಾ ನದಿಯು ಕೃಷ್ಣೆಯನ್ನು ಕೂಡುತ್ತದೆ. ಅಪಾಯದ ಮಟ್ಟ 45 ಅಡಿಯಿರುವ ಐರ್ವಿನ್ ಸೇತುವೆಯ ಬಳಿ 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತು; ಹಳೆಯ ಪೇಟೆಯೇ ಮುಳುಗಿತು. ಆದ್ದರಿಂದ ಇಲ್ಲಿ ಪುನರ್ನಿರ್ಮಾಣದ ಷರತ್ತೇ ನಿರ್ಣಾಯಕ. ಕೊಲ್ಹಾಪುರದಲ್ಲಾದರೋ ಮಹಾಲಕ್ಷ್ಮಿ ದೇಗುಲದ ಸುತ್ತಲಿನ ಹಳೆಯ ಊರು ಪಂಚಗಂಗೆಯಿಂದ ತುಸು ದೂರದಲ್ಲಿ, ಎತ್ತರದಲ್ಲಿದೆ. 2019 ಮತ್ತು 2021ರಲ್ಲಿ ನೀರು ನುಗ್ಗಿದ್ದು ಹೆಚ್ಚಾಗಿ ನದಿ, ಹಳ್ಳಗಳ ತಗ್ಗಿನಲ್ಲಿ ಹಬ್ಬಿದ ಬಡಾವಣೆಗಳಿಗೆ. ಅಲ್ಲಿ ಹೊಸ ನಿರ್ಮಾಣದ ಷರತ್ತೇ ಮುಖ್ಯ.

ಈ ತಗ್ಗಿನಲ್ಲಿಯೇ ಶಾಹುಪುರಿಯ ಕುಂಬಾರ ಗಲ್ಲಿಯೂ ಇದೆ. ಗಣೇಶ ಚತುರ್ಥಿಗೆ ಮೂರ್ತಿಗಳು ಸಿದ್ಧವಾಗುವ ಕಾಲವೂ ನೆರೆಯ ಕಾಲವೂ ಒಂದೇ. ಮಣ್ಣು ತುಳಿಯಲು, ಮೂರ್ತಿ ಒಣಗಿಸಲು ಅಂಗಳ ನೆಲಮಟ್ಟದಲ್ಲಿಯೇ ಬೇಕು. ಅಡಿಪೀಠ ಏರಿಸುವ ನಿಯಮವು ಮನೆಯನ್ನು ಉಳಿಸೀತು. ಕಸುಬಿನ ಅಂಗಳವನ್ನು ಉಳಿಸಲಾರದು.

ಪಂಚಗಂಗೆಯು ಕೃಷ್ಣೆಯನ್ನು ಸೇರುವ ನರಸೋಬಾವಾಡಿಯ ದತ್ತ ಕ್ಷೇತ್ರದಲ್ಲಿ ಬೇರೊಂದು ಪರಿಹಾರವಿದೆ. ನೆರೆಯ ನೀರು ಗರ್ಭಗುಡಿಯನ್ನು ಹೊಕ್ಕು ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬೀಳುವುದನ್ನು ಭಕ್ತರು ‘ದಕ್ಷಿಣದ್ವಾರ’ವೆಂದು ಆಚರಿಸುತ್ತಾರೆ. ನೀರು ಏರಿದಾಗ ಉತ್ಸವಮೂರ್ತಿಯನ್ನು ಮೇಲಿನ ನೆಲೆಗೆ ಒಯ್ಯಲಾಗುತ್ತದೆ. ಇಲ್ಲಿ ನೀರನ್ನು ತಡೆಯುವುದಿಲ್ಲ. ನೀರಿಗೆ ದಾರಿಯನ್ನೂ ದೇವರಿಗೆ ಎತ್ತರವನ್ನೂ ಮೊದಲೇ ಗೊತ್ತುಮಾಡಲಾಗಿದೆ. ಕುಂಬಾರನ ಮೂರ್ತಿಗಳಿಗೂ ಅಂತಹದೊಂದು ಮೇಲಿನ ನೆಲೆಯನ್ನು ಯೋಜಿಸಿದಾಗಲೇ ನಕ್ಷೆಯ ಗೆರೆಯು ಬದುಕಿನ ಗೆರೆಯಾದೀತು.