ಹನ್ನೊಂದನೇ ದಿನದ ಸೀರೆ

ಆಂಧ್ರದ ಗಡಿಯೂರು ರಾಯದುರ್ಗದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾಗಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಬೆಳಿಗ್ಗೆ ಹಾಲಿಗೆ ಹೋಗುವಾಗ ಬಾಗಿಲುಗಳನ್ನು ನೋಡಿಕೊಂಡು ಹೋದರೆ ಸಾಕು. ಎಲ್ಲರ ಮನೆ ಮುಂದೆ ನೀರು ಹಾಕಿ ರಂಗೋಲಿ ಎಳೆದಿರುತ್ತಾರೆ. ಒಂದು ಮನೆ ಮುಂದೆ ಮಾತ್ರ ಒಣ ನೆಲ. ಕನ್ನಡದವರು ರಂಗೋಲಿ ಅಂದರೂ ಅಷ್ಟೇ, ತೆಲುಗಿನವರು ಮುಗ್ಗು ಅಂದರೂ ಅಷ್ಟೇ. ಅದು ಇಲ್ಲದ ಅಂಗಳ ಎರಡು ಭಾಷೆಯವರಿಗೂ ಒಂದೇ ಸುದ್ದಿ ಹೇಳುತ್ತದೆ.

ಮಾವ ತೀರಿಕೊಂಡಾಗ ಸೋದರತ್ತೆಯ ಮನೆ ಅಂಗಳ ಹಾಗೇ ಬೋಳಾಗಿ ಇತ್ತು. ಹತ್ತನೇ ದಿನ ಅಪ್ಪ ನನ್ನನ್ನು ಕರೆದುಕೊಂಡು ಬಟ್ಟೆ ಅಂಗಡಿಗೆ ಹೊರಟರು. ಗಂಡನನ್ನು ಕಳೆದುಕೊಂಡವಳಿಗೆ ತವರಿನ ಕಡೆಯಿಂದ ಸೀರೆ ತರುವ ಪದ್ಧತಿ ನಮ್ಮಲ್ಲಿದೆ, ತರಬೇಕಾದವನು ಅಣ್ಣ. ನಮ್ಮೂರಿನ ಒಂದು ಮಗ್ಗುಲಿಗೆ ಮೊಳಕಾಲ್ಮೂರು, ಇನ್ನೊಂದು ದಿಕ್ಕಿಗೆ ಧರ್ಮಾವರ. ಎರಡೂ ರೇಷ್ಮೆ ಸೀರೆಗೆ ಹೆಸರಾದ ಊರು. ಸೀರೆಯ ಬಣ್ಣಕ್ಕೆ ನಮ್ಮವರ ಬಾಯಲ್ಲಿ ಎಷ್ಟೊಂದು ಹೆಸರು! ಗಿಳಿ ಹಸಿರು, ನವಿಲು ಕತ್ತು, ಬದನೆಕಾಯಿ ಬಣ್ಣ, ಮಾವಿನ ಚಿಗುರು, ಈರುಳ್ಳಿ ಸಿಪ್ಪೆ, ಕಾಫಿ ಪುಡಿ. ಅವೆಲ್ಲ ಅಂಗಡಿಯ ಗೋಡೆ ತುಂಬ ಇದ್ದವು.

"ಏನಕ್ಕೆ ಸರ್ ಸೀರೆ?" ಅಂದರು ಅಂಗಡಿಯವರು.

"ಹನ್ನೊಂದನೇ ದಿನಕ್ಕೆ."

ಅವರು ಮತ್ತೆ ಏನೂ ಕೇಳಲಿಲ್ಲ. ಗೋಡೆ ಕಡೆ ತಿರುಗಲೂ ಇಲ್ಲ. ಬಗ್ಗಿ ಕೆಳಗಿನ ಖಾನೆಯಿಂದ ಒಂದು ಕಟ್ಟು ಎಳೆದು ಮುಂದಿಟ್ಟರು. ಬಿಳಿ, ಬೂದಿ, ನೀರು ಜಾಸ್ತಿಯಾದ ಕಾಫಿಯಂಥ ಒಂದು ಬಣ್ಣ. ಬೆಲೆಯಲ್ಲೂ ಅವು ಕೆಳಗಿನವೇ. ಅಪ್ಪ ಒಂದೆರಡನ್ನು ಮುಟ್ಟಿ ನೋಡಿ, ಎದ್ದು ಹೊರಗೆ ಹೋಗಿ ಅತ್ತೆಗೆ ಫೋನ್ ಮಾಡಿದರು. "ಸೀರೆ ಅಂಗಡಿಯಾಗ ಇದೀನಮ್ಮ. ಯಾವ ಬಣ್ಣ ತರ್ಲಿ?" ಆ ಕಡೆಯಿಂದ ತುಂಬ ಹೊತ್ತು ಮಾತಿಲ್ಲ. ಅಪ್ಪ ಫೋನ್ ಕಿವಿಯಿಂದ ತೆಗೆಯದೆ ನಿಂತೇ ಇದ್ದರು. ಆಮೇಲೆ ಅತ್ತೆ, "ಈರುಳ್ಳಿ ಸಿಪ್ಪೆ ಕಲರ್ ಇದ್ರೆ ನೋಡಣ್ಣ" ಅಂದರಂತೆ.

ದುಃಖಕ್ಕೂ ಬಣ್ಣಕ್ಕೂ ಇರುವ ನಂಟಿನ ಬಗ್ಗೆ ಈಗ ಸಲಹೆ ಕೊಡುವವರು ಬಹಳ. ನೀಲಿ ಮನಸ್ಸನ್ನು ತಣ್ಣಗಾಗಿಸುತ್ತದಂತೆ, ಹಸಿರು ಎದೆಯ ಭಾರ ಇಳಿಸುತ್ತದಂತೆ, ಹಳದಿ ಪರದೆ ಹಾಕಿದರೆ ಉತ್ಸಾಹ ಬರುತ್ತದಂತೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಒಂದು ಬಣ್ಣಕ್ಕೆ ಎಲ್ಲ ಕಡೆ ಒಂದೇ ಗುಣ ಇದ್ದಿದ್ದರೆ, ನಮ್ಮಲ್ಲಿ ಸಾವಿನ ಮನೆಯ ಬಿಳಿ ಯುರೋಪಿನಲ್ಲಿ ಮದುವಣಗಿತ್ತಿಯ ಮೈಮೇಲೆ ಹೇಗೆ ಬಂತು? ಅಲ್ಲಿ ದುಃಖದ ಬಣ್ಣ ಕಪ್ಪು. 1861ರಲ್ಲಿ ಗಂಡ ಆಲ್ಬರ್ಟ್ ತೀರಿಕೊಂಡ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಆದರೆ ಅವಳ ಕಾಲದ ಇತರ ಹೆಂಗಸರಿಗೆ ದಾರಿ ಇತ್ತು: ಕಪ್ಪಿನ ಅವಧಿ ಮುಗಿದ ಮೇಲೆ ಬೂದು, ತಿಳಿ ನೇರಳೆ, ಆಮೇಲೆ ಮಾಮೂಲಿ ಬಣ್ಣಗಳು.

ದುಃಖದಲ್ಲಿ ಲೋಕದ ಬಣ್ಣ ಹೋಗುತ್ತದೆ ಎನ್ನುವುದು ಬರೀ ಮಾತಲ್ಲದಿರಬಹುದು. 2010ರಲ್ಲಿ ಜರ್ಮನಿಯ ಫ್ರೈಬರ್ಗಿನ ವೈದ್ಯರು ಖಿನ್ನತೆ ಇದ್ದ 40 ಜನರ, ಇಲ್ಲದ 40 ಜನರ ಕಣ್ಣಿನ ಅಕ್ಷಿಪಟಲವನ್ನು ಪರೀಕ್ಷಿಸಿದರು. ಕಪ್ಪು ಬಿಳುಪಿನ ಅಂತರಕ್ಕೆ ಖಿನ್ನತೆ ಇದ್ದವರ ಅಕ್ಷಿಪಟಲ ಮಂಕಾಗಿ ಸ್ಪಂದಿಸಿತು. ಖಿನ್ನತೆ ಬೇರೆ, ಸಾವಿನ ದುಃಖ ಬೇರೆ. ಹಾಗಾಗಿ ಇದನ್ನು ತೀರಾ ಎಳೆಯಬಾರದು. ಆದರೂ "ಕಣ್ಣಿಗೆ ಕತ್ತಲೆ ಕವೀತು" ಅನ್ನುವವರನ್ನು ಕಂಡಾಗ ನನಗೆ ಇದು ನೆನಪಾಗುತ್ತದೆ.

ಇನ್ನೊಂದು ವಿಚಾರ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಸ್ಟ್ರೋಬ್ ಮತ್ತು ಶೂಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು: ದುಃಖಿತರು ಒಂದೇ ದಿಕ್ಕಿಗೆ ನಡೆದು ಗುಣವಾಗುವುದಿಲ್ಲ, ಅಳುವಿಗೂ ಮನೆಗೆಲಸಕ್ಕೂ ನಡುವೆ ಹೋಗಿ ಬಂದು ಮಾಡುತ್ತಾರೆ, ಆ ಓಡಾಟವೇ ಅವರನ್ನು ಕಾಯುತ್ತದೆ. ನಮ್ಮ ಹಿರಿಯರ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ ಇತ್ತು. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೋ ಹದಿಮೂರಕ್ಕೋ ಸೂತಕ ಕಳೆದು ಅಂಗಳಕ್ಕೆ ರಂಗೋಲಿ. ವರ್ಷ ತುಂಬುವವರೆಗೆ ಹಬ್ಬ ಇಲ್ಲ, ಗೋಡೆಗೆ ಸುಣ್ಣ ಇಲ್ಲ. ವರ್ಷದ ತಿಥಿ ಆದ ಮೇಲೆ ಬರುವ ಯುಗಾದಿಗೆ ಸುಣ್ಣ, ಮೆಟ್ಟಿಲಿಗೆ ಕೆಮ್ಮಣ್ಣು. ಬಣ್ಣಗಳು ಒಂದೊಂದಾಗಿ ಮನೆಗೆ ವಾಪಸ್ ಬರುತ್ತವೆ. ಅಮೆರಿಕದ ಮನೋವೈದ್ಯರು 2022ರಲ್ಲಿ 'ದೀರ್ಘಕಾಲದ ಶೋಕ'ವನ್ನು ಕಾಯಿಲೆಯೆಂದು ಪಟ್ಟಿ ಮಾಡಿದಾಗ ದೊಡ್ಡವರಿಗೆ ಇಟ್ಟ ಗಡುವೂ ಒಂದು ವರ್ಷವೇ.

ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. ಮಗನಿಗೆ ಬಣ್ಣ ವಾಪಸ್ ಬರುತ್ತದೆ, ಸೊಸೆಗೆ ಬರುತ್ತದೆ, ಗೋಡೆಗೂ ಬರುತ್ತದೆ. ಹೆಂಡತಿಗೆ ಮಾತ್ರ ಇಲ್ಲ. ಗಂಡನಿಗಿಂತ ಮುಂಚೆ ಸತ್ತವಳನ್ನು ಮುತ್ತೈದೆ ಎಂದು ಹಸಿರು ಸೀರೆ, ಹಸಿರು ಬಳೆ, ಅಂಗೈಯಗಲ ಕುಂಕುಮದಲ್ಲಿ ಕಳಿಸುತ್ತೇವೆ. ಬದುಕಿ ಉಳಿದವಳ ಮೈಮೇಲಿಂದ ಅದೇ ಬಳೆ, ಅದೇ ಕುಂಕುಮ ತೆಗೆಯುತ್ತೇವೆ. ಹೆಣಕ್ಕೆ ಸಿಗುವ ಬಣ್ಣ ಜೀವಕ್ಕೆ ಸಿಗುವುದಿಲ್ಲ.

ಇದು ಎಲ್ಲರ ಪದ್ಧತಿಯಾಗಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಕನ್ನಡ ನಾಡಿನ ಅನೇಕ ದುಡಿಯುವ ಜಾತಿಗಳಲ್ಲಿ ವಿಧವೆಯ ಮರುಮದುವೆ ಮೊದಲಿಂದಲೂ ಇತ್ತು. ಅದರ ಹೆಸರೇ 'ಉಡಿಕೆ', ಕೆಲವೆಡೆ 'ಸೀರುಡಿಕೆ'. ದೊಡ್ಡ ಶಾಸ್ತ್ರವಿಲ್ಲ, ಗಂಡು ಕೊಟ್ಟ ಹೊಸ ಸೀರೆ ಉಟ್ಟರೆ ಸಂಸಾರ ಶುರು. ಮೇಲುಜಾತಿಯವರನ್ನು ನೋಡಿ ಕಲಿಯುವ ಭರದಲ್ಲಿ ಎಷ್ಟೋ ಮನೆಗಳು ಇದನ್ನು ಕೀಳೆಂದು ಬಿಟ್ಟುಕೊಟ್ಟವು. ಈಚೆಗೆ ಗಾಳಿ ಮತ್ತೆ ತಿರುಗುತ್ತಿರುವ ಹಾಗಿದೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರು ಅರ್ಚಕಿಯರಾದರು. ಕರ್ನಾಟಕದ ಗಡಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ 2022ರ ಮೇ ತಿಂಗಳಲ್ಲಿ, ಬಳೆ ಒಡೆಯುವುದು ಕುಂಕುಮ ಒರೆಸುವುದು ಇನ್ನು ಬೇಡ ಎಂದು ಠರಾವು ಮಾಡಿತು.

ಮಡಕಶಿರಾ ಕಡೆ ನಮಗೊಬ್ಬರು ಅಜ್ಜಿ ಇದ್ದಾರೆ, ಅಗಳಿ ಹತ್ತಿರದ ಹಳ್ಳಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿ ನಮ್ಮ ರಾಯದುರ್ಗ ಆಂಧ್ರಕ್ಕೆ ಹೋಯಿತು. 2022ರಲ್ಲಿ ಮಡಕಶಿರಾ ಅನಂತಪುರ ಜಿಲ್ಲೆಯನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ನಕ್ಷೆಯಲ್ಲಿ ಗೆರೆ ಎಷ್ಟು ಸಲ ಸರಿದರೂ ಅಜ್ಜಿಯ ಮಾತು ಮಾತ್ರ ಶಿರಾ, ಪಾವಗಡದ ಕನ್ನಡವೇ. ಅವರು ಕೌದಿ ಹೊಲಿಯುತ್ತಾರೆ. ಸತ್ತವರ ಬಟ್ಟೆ ಇಟ್ಟುಕೊಳ್ಳಬಾರದು ಎಂದು ಕೊಟ್ಟುಬಿಡುವವರೇ ಹೆಚ್ಚು. ಅಜ್ಜಿ ತೀರಿಹೋದ ತಮ್ಮ ಮಗಳ ಸೀರೆಗಳನ್ನು ಕೊಡಲಿಲ್ಲ. "ಅವ್ಳು ಉಟ್ಟು ಮೆತ್ತಗೆ ಮಾಡಿದ್ದು, ಯಾರಿಗ್ಯಾಕ್ ಕೊಡ್ಲಿ?" ಅನ್ನುತ್ತಾರೆ.

ನಾನು ಹೋದಾಗ ಪಡಸಾಲೆಯಲ್ಲಿ ಹಳೆ ಪಂಚೆ ಹಾಸಿ, ಅದರ ಮೇಲೆ ಮಗಳ ಸೀರೆ ತುಂಡುಗಳನ್ನು ಜೋಡಿಸುತ್ತಿದ್ದರು. ಅಂಚಿನಿಂದ ಶುರುವಾದ ಹೊಲಿಗೆ ನಾಲ್ಕು ಸುತ್ತೂ ಬಂದು, ಒಂದರ ಒಳಗೊಂದು ಸಾಲಾಗಿ ನಡುವಿಗೆ ಸೇರುತ್ತದೆ. ಹಳದಿ ವಾಯಿಲ್ ಒಂದು ಕೈಗೆ ಬಂದಾಗ ಸೂಜಿ ನಿಂತಿತು. "ಇದು ಮೊಮ್ಮಗನ ನಾಮಕರಣಕ್ಕೆ ಉಟ್ಟಿದ್ಲು." ಮುಂದಿನ ಗಿಳಿ ಹಸಿರು ತುಂಡಿಗೆ ಸುಮ್ಮನೆ ನಕ್ಕರು; ಸೀರೆ ಕೊಂಡಾಗ ತಾಯಿ ಮಗಳಿಗೆ ಜಗಳವಾಗಿತ್ತಂತೆ. ಒಂದೊಂದು ಬಣ್ಣಕ್ಕೂ ಒಂದೊಂದು ದಿನ. ಕೆಲವು ದಿನ ಒಂದು ಗೇಣು ಹೊಲಿಗೆಯೂ ಸಾಗುವುದಿಲ್ಲವಂತೆ. ಮಡಚಿ ಇಟ್ಟು ಹುಣಿಸೆಹಣ್ಣು ಬಿಡಿಸಲು ಕೂರುತ್ತಾರೆ. ನಾಳೆ ಮತ್ತೆ ಬಿಚ್ಚುತ್ತಾರೆ. ಸ್ಟ್ರೋಬ್, ಶೂಟ್ ಹೇಳಿದ ಹೋಗಿ ಬರುವ ದಾರಿ ಅಜ್ಜಿಗೆ ಯಾರೂ ಹೇಳಿಕೊಡದೆ ಗೊತ್ತು.

ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಣ್ಣದ ತುಂಡು ಮಡಚಿ 'ಫೂಲ' ಎಂದು ಹೊಲಿಯುತ್ತಾರೆ. ಅದಿಲ್ಲದ ಕೌದಿ ಅವರ ಲೆಕ್ಕಕ್ಕೆ ಬರಿಮೈಯದು. ಇದನ್ನು ಹೇಳಿದಾಗ ಅಜ್ಜಿ, "ನಂದೂ ಹಂಗೇ ಮಾಡ್ತೀನಿ ಬಿಡು" ಅಂದರು.

ಹತ್ತು ಜನ ಸೇರಿ ಬಣ್ಣದಲ್ಲೇ ಅಳುವುದನ್ನು ನೋಡಬೇಕಾದರೆ ಮೊಹರಂಗೆ ನಮ್ಮ ಅನಂತಪುರ ಜಿಲ್ಲೆಗೆ ಬರಬೇಕು. ನಾರ್ಪಲ ಮಂಡಲದ ಗೂಗೂಡಿನ ಕುಳ್ಳಾಯಿಸ್ವಾಮಿಗೆ ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊರುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಮಡಿದವರ ನೆನಪಿನ ಹಬ್ಬ ಅದು. ಆದರೂ ಆಗ ಹೊರುವ ಲಾಂಛನಗಳಾದ ಪೀರ್‌ಗಳಿಗೆ ಸುತ್ತುವುದು ಮಿರುಗುವ ಬಣ್ಣದ ಬಟ್ಟೆಗಳನ್ನೇ.

ಅತ್ತೆಯ ಮನೆಯಲ್ಲಿ ಬಣ್ಣ ಮೊದಲು ವಾಪಸ್ ಬಂದದ್ದು ಸೀರೆಯಿಂದಲ್ಲ. ರಾಯದುರ್ಗದ ಎಷ್ಟೋ ಮನೆಗಳ ಹಾಗೆ ಅಲ್ಲೂ ಜೀನ್ಸ್ ಹೊಲಿಯುವ ಎರಡು ಮಷೀನು. ಒಂದರಲ್ಲಿ ಮಾವ, ಒಂದರಲ್ಲಿ ಅತ್ತೆ. ತೊಳೆಯದ ಜೀನ್ಸ್ ಬಟ್ಟೆಯ ನೀಲಿ ಬೆರಳಿಗೆ ಹತ್ತುತ್ತದೆ, ಸೋಪಿಗೂ ಬೇಗ ಹೋಗುವುದಿಲ್ಲ. ಮಾವ ತೀರಿಕೊಂಡ ತಿಂಗಳು ಅತ್ತೆಯ ಬೆರಳು ಬಿಳಿಚಿಕೊಂಡಿದ್ದವು. ಎರಡನೇ ತಿಂಗಳು ನಾನು ಹೋದಾಗ ಕಾಫಿ ಲೋಟ ಹಿಡಿದ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಮಾವನ ಮಷೀನಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು. ಅಂಗಳದಲ್ಲಿ ಅತ್ತೆಯ ಮೊಮ್ಮಗಳು ಐದು ಚುಕ್ಕಿಯ ರಂಗೋಲಿ ಹಾಕಿದ್ದಳು, ಬರೀ ಬಿಳಿ ಪುಡಿಯದು. ಬಣ್ಣ ತುಂಬಲೋ ಬೇಡವೋ ಎಂದು ಅತ್ತೆಯನ್ನು ಕೇಳಿದ್ದಳಂತೆ. "ನಿನ್ನಿಷ್ಟ" ಅಂದಿದ್ದರಂತೆ.

ಅತ್ತೆಗೆ ನೆರವಾದದ್ದು ಈರುಳ್ಳಿ ಸಿಪ್ಪೆಯ ಬಣ್ಣವೆಂದು ನಾನು ಹೇಳುತ್ತಿಲ್ಲ. ಯಾವ ಬಣ್ಣ ಎಂದು ಯಾರೋ ತಮ್ಮನ್ನು ಕೇಳಿದರಲ್ಲ, ಅದು ನೆರವಾಯಿತು. ಬಿಳಿಯೇ ಬೇಕೆಂದರೆ ಬಿಳಿಯೇ ಸರಿ. ಬಣ್ಣ ಉಡು ಎಂದು ಒತ್ತಾಯ ಮಾಡುವುದೂ ಬೂದಿ ಬಣ್ಣ ಹೊದಿಸಿದಷ್ಟೇ ತಪ್ಪು. ತಿಂಗಳುಗಟ್ಟಲೆ ಊಟ, ನಿದ್ದೆ ಬಿಟ್ಟು, ಬದುಕೇ ಬೇಡ ಎನ್ನುವವರಿಗೆ ಸೀರೆ, ಕೌದಿ ಸಾಲವು. ಅಂಥವರು ಮನೆಯಲ್ಲಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ಹನ್ನೊಂದನೇ ದಿನದ ಸೀರೆ ತರಲು ಹೊರಟವರು ಅಂಗಡಿಗೆ ಹೋಗುವ ಮೊದಲೇ ಉಡುವವಳನ್ನು ಒಂದು ಮಾತು ಕೇಳಿ. ಸಾವಿನ ಮನೆಗೆ ಹೋಗಿ ಬಂದ ಸೀರೆಯನ್ನು ಅಂಗಡಿಯವರು ಬದಲಾಯಿಸಿ ಕೊಡುವುದಿಲ್ಲ.